ಗೋದಾಮಿನ ಮೇಲಿನ ಕೋಪ ರಸ್ತೆಯ ಮೇಲೆ

ಲಾರಿ ಚಾಲಕರ ಸಿಟ್ಟಿನ ಮಾತು ಬಂದಾಗಲೆಲ್ಲ ಜನರ ಕಣ್ಣ ಮುಂದೆ ಬರುವುದು ಬಹುಮಟ್ಟಿಗೆ ಒಂದೇ ದೃಶ್ಯ: ಅಡ್ಡ ನುಗ್ಗಿದ ಕಾರು, ಬಿಡದೆ ಒತ್ತಿದ ಹಾರ್ನ್, ಕಿಟಕಿಯಿಂದ ಹೊರಗೆ ಚಾಚಿದ ಕೈ. ಭಾರೀ ವಾಹನ ಓಡಿಸುವುದನ್ನೇ ಕಸುಬು ಮಾಡಿಕೊಂಡಿರುವ ನನಗೆ ಈ ದೃಶ್ಯ ಸುಳ್ಳೆನಿಸುವುದಿಲ್ಲ, ಆದರೆ ಅದಕ್ಕೂ ಹಿಂದೆ ನಡೆದದ್ದು ಅದರಲ್ಲಿ ಕಾಣುವುದಿಲ್ಲ ಎನ್ನುವುದು ನನ್ನ ತಕರಾರು. ನಿದ್ದೆ ಮುಗಿಸಿ, ಹೊಟ್ಟೆಗೆ ಹಾಕಿಕೊಂಡು ಬೆಳಿಗ್ಗೆ ಸ್ಟೇರಿಂಗ್ ಹಿಡಿದಾಗ ಕಾರೊಂದು ಅಡ್ಡ ಬಂದರೆ ‘ಹೋಗಲಿ ಬಿಡು’ ಎನ್ನುವ ಮನುಷ್ಯನೇ, ಸಂಜೆ ಅಂಥದ್ದೇ ಇನ್ನೊಂದು ಕಾರು ಅಷ್ಟೇ ಅಡ್ಡ ಬಂದರೆ ಹಲ್ಲು ಕಡಿಯುತ್ತಾನೆ. ಎರಡು ಕಾರುಗಳ ನಡುವೆ ವ್ಯತ್ಯಾಸವೇನೂ ಇಲ್ಲ. ಬೆಳಿಗ್ಗೆಗೂ ಸಂಜೆಗೂ ನಡುವೆ ಆ ಮನುಷ್ಯನ ದಿನ ಹೇಗೆ ಕಳೆಯಿತು ಎಂಬುದರಲ್ಲಿ ವ್ಯತ್ಯಾಸವಿದೆ. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡಂತೆ ಎಂದು ನಮ್ಮ ಹಿರಿಯರು ಹೇಳುವ ಮಾತು ನಮ್ಮ ಕಸುಬಿಗೆ ಹೊಂದುವಷ್ಟು ಇನ್ನಾವುದಕ್ಕೂ ಹೊಂದಲಾರದು. ಕೊತ್ತಿಯ ಜಾಗದಲ್ಲಿ ಆ ಕಾರಿನವನಿದ್ದಾನೆ. ಅತ್ತೆ ಎಲ್ಲಿದ್ದಾಳೆಂದು ಹುಡುಕದೆ ಸಿಟ್ಟನ್ನು ಹತೋಟಿಗೆ ತರುವ ಮಾತು ಆಡಿ ಪ್ರಯೋಜನವಿಲ್ಲ.

ನನ್ನ ಅನುಭವದಲ್ಲಿ ಆಕೆ ಹೆಚ್ಚಾಗಿ ಸಿಗುವುದು ಗೋದಾಮಿನ ಗೇಟಿನಲ್ಲಿ. ಹೇಳಿದ ಹೊತ್ತಿಗೆ ಗಾಡಿ ತಂದು ನಿಲ್ಲಿಸಿ, ಕಾಗದಪತ್ರ ಹಿಡಿದು ಕಿಟಕಿಯ ಮುಂದೆ ನಿಂತರೆ, ಒಳಗಿರುವವರು ತಲೆ ಎತ್ತದೆ ‘ಫೋನ್ ಮಾಡುತ್ತೇವೆ, ಗಾಡಿಯಲ್ಲೇ ಇರಿ’ ಎನ್ನುತ್ತಾರೆ. ಗಾಡಿಯಲ್ಲೇ ಇರಬೇಕಾದದ್ದು ಎಷ್ಟು ಹೊತ್ತು ಎಂದು ಕೇಳಿದರೆ ಉತ್ತರವಿಲ್ಲ. ಆಮೇಲಿನದೆಲ್ಲ ಒಂದು ವಿಚಿತ್ರ ಸ್ಥಿತಿ. ಮಲಗುವಂತಿಲ್ಲ, ಏಕೆಂದರೆ ಕರೆ ಬಂದಾಗ ಎತ್ತದಿದ್ದರೆ ಸರದಿ ತಪ್ಪುತ್ತದೆ. ದೂರ ಹೋಗಿ ಊಟ ಮಾಡುವಂತಿಲ್ಲ, ಏಕೆಂದರೆ ಹಿಂದಿನ ಗಾಡಿಯವನು ಮುಂದೆ ಬಂದುಬಿಡುತ್ತಾನೆ. ಶೌಚಾಲಯಕ್ಕೆ ಹೋಗಬೇಕೆಂದರೆ ಅದು ಸಿಬ್ಬಂದಿಗೆ ಮಾತ್ರ ಎಂಬ ಫಲಕ ಬಾಗಿಲಿಗೆ ತೂಗಿರುತ್ತದೆ. ಎದುರಿಗೆ ಡಾಕ್, ಅಂದರೆ ಸರಕು ಏರಿಸಿ ಇಳಿಸುವ ಕಟ್ಟೆ, ಖಾಲಿ ಇರುವುದು ಕಣ್ಣಿಗೆ ಕಾಣುತ್ತಿರುತ್ತದೆ, ಸರಕು ಎತ್ತುವ ಫೋರ್ಕ್‌ಲಿಫ್ಟ್ ಬದಿಗೆ ನಿಂತಿರುತ್ತದೆ, ಅದರ ಚಾಲಕ ಯಾರೊಂದಿಗೋ ಮಾತನಾಡುತ್ತಿರುತ್ತಾನೆ. ಅವನಿಗೂ ಅವನ ಮೇಲಿನವರು ಇನ್ನೂ ಚೀಟಿ ಕೊಟ್ಟಿಲ್ಲ ಎಂಬುದು ಕ್ಯಾಬಿನ್‌ನಲ್ಲಿ ಕುಳಿತ ನಮಗೆ ಕಾಣುವುದಿಲ್ಲ. ಅಷ್ಟರಲ್ಲಿ ಕಚೇರಿಯಿಂದ ‘ಎಲ್ಲಿದ್ದೀರಿ?’ ಎಂಬ ಸಂದೇಶ ಬರುತ್ತದೆ. ಗಾಡಿ ಎಲ್ಲಿದೆ, ಯಾವಾಗಿನಿಂದ ನಿಂತಿದೆ ಎಂಬುದು ಅವರ ಮುಂದಿನ ಪರದೆಯ ಮೇಲೆ ಜಿಪಿಎಸ್ ಚುಕ್ಕೆಯಾಗಿ ಕಾಣುತ್ತಿದ್ದರೂ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಅದು ಪ್ರಶ್ನೆಯಲ್ಲ, ಮೈ ಚಿವುಟುವ ಒಂದು ವಿಧಾನ ಎಂದು ನಾನು ಎಂದೋ ತೀರ್ಮಾನಿಸಿಬಿಟ್ಟಿದ್ದೇನೆ.

ಈ ಕಾಯುವಿಕೆ ಬರೀ ಬೇಸರದ ವಿಷಯವಾಗಿದ್ದರೆ ಒಂದು ಪುಸ್ತಕ ಹಿಡಿದು ಕುಳಿತರೆ ಮುಗಿಯುತ್ತಿತ್ತು. ಅದು ಸಿಟ್ಟಾಗಿ ತಿರುಗುವುದು ದುಡ್ಡಿನ ಮತ್ತು ಗಡಿಯಾರದ ಲೆಕ್ಕದಿಂದ. ಕಿಲೋಮೀಟರಿಗೆ ಇಷ್ಟು ಅಥವಾ ಟ್ರಿಪ್ಪಿಗೆ ಇಷ್ಟು ಎಂದು ಸಂಬಳ ಪಡೆಯುವವನಿಗೆ ಚಕ್ರ ಉರುಳದ ಗಂಟೆ ಬಿಟ್ಟಿ ದುಡಿಮೆ. ಅದರ ಮೇಲೆ ಚಾಲನೆಯ ಗಂಟೆಗಳಿಗೆ ಕಾನೂನು ಹಾಕಿರುವ ಮಿತಿ ಇದೆ. ಅಮೆರಿಕದಲ್ಲಿ ಸರಕು ಲಾರಿಯ ಚಾಲಕ ಕೆಲಸ ಆರಂಭಿಸಿದ ಮೇಲೆ 14 ಗಂಟೆಗಳ ಅವಧಿಯೊಳಗೆ ಗರಿಷ್ಠ 11 ಗಂಟೆ ಓಡಿಸಬಹುದು. ಗೋದಾಮಿನಲ್ಲಿ ಕಾದು ಕುಳಿತ ಹೊತ್ತು ಸಾಮಾನ್ಯವಾಗಿ ಆ 14 ಗಂಟೆಗಳೊಳಗೇ ಕರಗಿಹೋಗುತ್ತದೆ. ಐರೋಪ್ಯ ಒಕ್ಕೂಟದ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕಡ್ಡಾಯ, ದಿನದ ಚಾಲನೆ ಸಾಮಾನ್ಯವಾಗಿ 9 ಗಂಟೆ. ಭಾರತದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಕೆಲಸದ ಮಿತಿ ಹಾಕಿತ್ತು. ಈ ಮಿತಿಗಳೆಲ್ಲ ನಮ್ಮ ಜೀವ ಉಳಿಸಲೆಂದೇ ಇರುವಂಥವು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮಿತಿಯನ್ನು ಚಾಲಕನ ಮೇಲೆ ಹೇರಿ, ಅವನನ್ನು ಕಾಯಿಸುವವರ ಮೇಲೆ ಏನನ್ನೂ ಹೇರದೆ ಬಿಟ್ಟರೆ, ಇಬ್ಬರ ನಡುವಿನ ಒತ್ತಡವೆಲ್ಲ ಒಬ್ಬನ ಎದೆಯಲ್ಲೇ ಉಳಿಯುತ್ತದೆ. ಕಾಯಿಸಿದವನ ಗಂಟೆ ಖರ್ಚಾಗುವುದಿಲ್ಲ, ಕಾದವನದು ಖರ್ಚಾಗುತ್ತದೆ.

ಲೋಡ್ ಇಳಿಸಿ ಕೊನೆಗೂ ಗೇಟು ದಾಟಿದಾಗ ಮನಸ್ಸಿನಲ್ಲಿ ಇರುವುದು ಒಂದೇ: ಕಳೆದುಕೊಂಡದ್ದನ್ನು ರಸ್ತೆಯಲ್ಲಿ ಗಳಿಸಿಕೊಳ್ಳಬೇಕು. ಈ ಆಸೆಯನ್ನು ಒಮ್ಮೆ ಲೆಕ್ಕಕ್ಕೆ ಇಳಿಸಿ ನೋಡಿದರೆ ಸಾಕು, ಅದರ ಬಂಡವಾಳ ಬಯಲಾಗುತ್ತದೆ. ಮುಂದಿನ ದಾರಿ 400 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಗಂಟೆಗೆ 80 ಕಿಲೋಮೀಟರಿನಂತೆ ಹೋದರೆ 5 ಗಂಟೆ ಬೇಕು. ಎಲ್ಲೂ ನಿಧಾನಿಸದೆ 85ರಲ್ಲಿ ಹೋಗಲು ಸಾಧ್ಯವಾಯಿತೆಂದೇ ಇಟ್ಟುಕೊಂಡರೂ ಉಳಿಯುವುದು 18 ನಿಮಿಷಕ್ಕಿಂತ ಕಡಿಮೆ. ಗೋದಾಮಿನಲ್ಲಿ ಕಳೆದ 3 ಗಂಟೆಗಳನ್ನು ಪೂರ್ತಿ ಹಿಂಪಡೆಯಬೇಕಾದರೆ ಗಂಟೆಗೆ 200 ಕಿಲೋಮೀಟರಿನಂತೆ ಹಾರಬೇಕು. ಹೋದ ಸಮಯ ಹೋಯಿತು. ಇದನ್ನು ಗೇಟಿನಲ್ಲೇ ಒಪ್ಪಿಕೊಂಡು, ಅಲ್ಲಿಂದಲೇ ಕಚೇರಿಗೆ ಮತ್ತು ಮುಂದಿನ ಗಿರಾಕಿಗೆ ಹೊಸ ಸಮಯ ತಿಳಿಸಿ ಹೊರಟ ದಿನಕ್ಕೂ, ಹಳೆಯ ಸಮಯವನ್ನೇ ಬೆನ್ನಟ್ಟಿಕೊಂಡು ಹೊರಟ ದಿನಕ್ಕೂ ಇರುವ ಅಂತರ ಅಜಗಜಾಂತರ. ಎರಡನೆಯ ದಿನ ರಸ್ತೆಯ ಮೇಲಿನ ಪ್ರತಿಯೊಂದು ವಾಹನವೂ ನನ್ನ ಗಂಟು ಕದ್ದ ಕಳ್ಳನಂತೆ ತೋರುತ್ತದೆ. ಹೊಸ ಸಮಯ ತಿಳಿಸುವ ಆ ಒಂದು ಫೋನು ಕರೆ, ನನಗೆ ಗೊತ್ತಿರುವ ಕೋಪಶಮನದ ಉಪಾಯಗಳಲ್ಲೆಲ್ಲ ಅತ್ಯಂತ ಫಲಕಾರಿಯಾದದ್ದು. ಅದರಲ್ಲಿ ಮನಶ್ಶಾಸ್ತ್ರವೇನೂ ಇಲ್ಲ.

ಇನ್ನು ದೇಹದ ವಿಷಯ. ಸಿಟ್ಟು ಬಂದಾಗ ಅಡ್ರಿನಲಿನ್ ರಕ್ತಕ್ಕೆ ಸೇರಿ, ಹೃದಯದ ಬಡಿತ ಮತ್ತು ರಕ್ತದೊತ್ತಡ ಏರಿ, ಸ್ನಾಯುಗಳು ಬಿಗಿಯಾಗುತ್ತವೆ. ಹೊಡೆದಾಡಲು ಇಲ್ಲವೇ ಓಡಿಹೋಗಲು ದೇಹ ಮಾಡಿಕೊಳ್ಳುವ ಸಿದ್ಧತೆ ಅದು. ಚಾಲಕ ಎರಡನ್ನೂ ಮಾಡಲಾರ. ಬೆಲ್ಟ್ ಬಿಗಿದುಕೊಂಡು ಸೀಟಿನ ಮೇಲೆ ಕುಳಿತಿದ್ದಾನೆ. ಅಷ್ಟೆಲ್ಲ ಸಿದ್ಧವಾದ ಶಕ್ತಿಗೆ ಹೊರಬರಲು ಉಳಿದಿರುವ ದಾರಿಗಳೆಂದರೆ ಬಲಗಾಲು, ಎರಡು ಕೈ ಮತ್ತು ಬಾಯಿ. ಬಲಗಾಲಿನ ಕೆಳಗೆ ಆಕ್ಸಿಲರೇಟರ್ ಇದೆ. ತುಂಬಿದ ಲಾರಿಯೊಂದರ ತೂಕ 40 ಟನ್ ಎಂದುಕೊಂಡರೆ, ವೇಗ 80ರಿಂದ 90ಕ್ಕೆ ಏರಿದಾಗ ಅದರ ಚಲನ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಬೆಳೆಯುತ್ತದೆ, ಏಕೆಂದರೆ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆ ಶಕ್ತಿಯನ್ನೆಲ್ಲ ಬ್ರೇಕುಗಳು ಶಾಖವಾಗಿ ನುಂಗಬೇಕು. ಉದ್ದನೆಯ ಇಳಿಜಾರಿನಲ್ಲಿ ಗೇರ್ ಇಳಿಸುವ ತಾಳ್ಮೆ ಇಲ್ಲದೆ ಬ್ರೇಕನ್ನೇ ನಂಬಿ ಧುಮುಕಿದವನಿಗೆ, ಕಾದ ಬ್ರೇಕ್ ಡ್ರಮ್ಮುಗಳು ಹಿಡಿತ ಬಿಡುವ ಕ್ಷಣದಲ್ಲಿ ತನ್ನ ಸಿಟ್ಟು ಯಾರ ಮೇಲಿತ್ತೆಂಬುದು ನೆನಪಿಗೂ ಬರುವುದಿಲ್ಲ. ಅರ್ಧ ತುಂಬಿದ ಟ್ಯಾಂಕರ್ ಓಡಿಸುವವರಿಗೆ ಇನ್ನೊಂದು ಪಾಠ ಗೊತ್ತು: ರೋಷದಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುತ್ತದೆ, ಒಳಗಿನ ದ್ರವ ನಿಲ್ಲುವುದಿಲ್ಲ, ಅದು ಮುಂದಿನ ಗೋಡೆಗೆ ಅಪ್ಪಳಿಸಿ ನಿಂತ ಗಾಡಿಯನ್ನು ಮತ್ತೆ ಮುಂದಕ್ಕೆ ದೂಡುತ್ತದೆ.

ಕೋಪದಲ್ಲಿ ಓಡಿಸಿದರೆ ಅಪಾಯ ಹೆಚ್ಚುತ್ತದೆ ಎಂಬುದು ಬರೀ ಬುದ್ಧಿವಾದವಲ್ಲ. ಅಮೆರಿಕದಲ್ಲಿ ಸುಮಾರು 3,500 ಚಾಲಕರ ವಾಹನಗಳಲ್ಲಿ ಕ್ಯಾಮೆರಾ ಮತ್ತು ಸಂವೇದಕಗಳನ್ನಿಟ್ಟು, ದಿನನಿತ್ಯದ ಚಾಲನೆಯನ್ನು ದಾಖಲಿಸಿ ವರ್ಜೀನಿಯಾ ಟೆಕ್‌ನ ಸಾರಿಗೆ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಪ, ದುಃಖ ಅಥವಾ ಉದ್ವೇಗ ಮುಖದಲ್ಲೇ ಕಾಣುವಂತಿದ್ದಾಗ ಅಪಘಾತದ ಸಂಭವ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಅವು ಬಹುಪಾಲು ಸಾಮಾನ್ಯ ವಾಹನಗಳು. ಲಾರಿಗೆ ಈ ಸಂಖ್ಯೆ ಹಾಗೆಯೇ ಅನ್ವಯಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಗಂಟೆಗೆ ಸುಮಾರು 105 ಕಿಲೋಮೀಟರ್ ವೇಗದಲ್ಲಿ ಕಾರು ನಿಲ್ಲಲು ನೂರು ಮೀಟರಿಗಿಂತ ಸ್ವಲ್ಪ ಕಡಿಮೆ ದೂರ ಸಾಕಾದರೆ, ತುಂಬಿದ ಲಾರಿಗೆ 160 ಮೀಟರಿನಷ್ಟು ಬೇಕು ಎಂಬುದನ್ನು ನೆನೆದರೆ, ಅದೇ ಉದ್ವೇಗದ ಬೆಲೆ ನಮ್ಮಲ್ಲಿ ಕಡಿಮೆ ಇರಲಿಕ್ಕಿಲ್ಲ.

ನಿದ್ದೆಗೆಟ್ಟವನ ಸಿಟ್ಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಮನೆಯಲ್ಲಿ ಕೂಸಿರುವ ಎಲ್ಲರಿಗೂ ಅದು ಗೊತ್ತು. ಆದರೂ ಒಂದು ಅಳತೆ ತಿಳಿದಿರಲಿ. ಆಸ್ಟ್ರೇಲಿಯಾದ ಸಂಶೋಧಕರಾದ ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದಂತೆ, 17 ಗಂಟೆ ಎಚ್ಚರವಿದ್ದವರ ಕೈಕಣ್ಣುಗಳ ಹೊಂದಾಣಿಕೆ ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿದ್ದವರಷ್ಟೇ ಕುಗ್ಗಿರುತ್ತದೆ. 24 ಗಂಟೆ ಎಚ್ಚರವಿದ್ದರೆ ಅದು ಶೇಕಡಾ 0.10ರ ಮಟ್ಟಕ್ಕೆ ಇಳಿಯುತ್ತದೆ. ಕುಡಿದು ಗಾಡಿ ಹತ್ತಿದವನನ್ನು ಕಂಡರೆ ನಾವೇ ಬೈಯುತ್ತೇವೆ. ಇದಕ್ಕೆ ಸೇರಿದ್ದೇ ಇನ್ನೊಂದು: ಕೂತು ಮಾಡುವ ಕೆಲಸದಿಂದ ಮೈ ಬೆಳೆದು, ಕತ್ತು ದಪ್ಪವಾಗಿ, ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುವ ತೊಂದರೆ ನಮ್ಮವರಲ್ಲಿ ಸಾಮಾನ್ಯ. ಗೊರಕೆ ಎಂದು ನಕ್ಕು ಬಿಡುವ ಈ ತೊಂದರೆಯಿಂದ ಎಂಟು ಗಂಟೆ ಮಲಗಿದರೂ ನಿದ್ದೆಯಾಗಿರುವುದಿಲ್ಲ, ಹಗಲಿಡೀ ಮಂಪರು ಮತ್ತು ಕಿರಿಕಿರಿ. ‘ಇತ್ತೀಚೆಗೆ ಯಾಕೋ ಎಲ್ಲದಕ್ಕೂ ರೇಗುತ್ತಾನೆ’ ಎಂದು ಮನೆಯವರು ಹೇಳುವ ಚಾಲಕ ಧ್ಯಾನಕ್ಕೆ ಕೂರುವ ಮೊದಲು ನಿದ್ದೆಯ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೆಕೆಯನ್ನೂ ಮರೆಯುವಂತಿಲ್ಲ. ಅಮೆರಿಕದ ಫೀನಿಕ್ಸ್ ನಗರದಲ್ಲಿ ಹಸಿರು ದೀಪ ಬಿದ್ದರೂ ಕಾರೊಂದನ್ನು ಬೇಕೆಂದೇ ನಿಲ್ಲಿಸಿ, ಹಿಂದಿನವರು ಎಷ್ಟು ಹಾರ್ನ್ ಹೊಡೆಯುತ್ತಾರೆಂದು ಎಣಿಸಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಬಿಸಿಲು ಏರಿದಂತೆ ಹಾರ್ನೂ ಏರಿತು, ಕಿಟಕಿ ಇಳಿಸಿಕೊಂಡು ಕುಳಿತವರಲ್ಲಿ ಇನ್ನೂ ಹೆಚ್ಚು ಏರಿತು. ಕ್ಯಾಬಿನ್‌ಗೆ ಎಸಿ ಹಾಕಿಸುವುದು ಚಾಲಕನ ಚಪಲ ಎಂದು ತಿಳಿದಿರುವ ಮಾಲೀಕರಿಗೆ ಇದನ್ನು ಯಾರಾದರೂ ಓದಿ ಹೇಳಬೇಕು.

ರಸ್ತೆಗೆ ಬರೋಣ. ಚಾಲಕರನ್ನು ಸಿಟ್ಟಿಗೆಬ್ಬಿಸುವ ಸಂಗತಿಗಳನ್ನು ಅಳೆಯಲು ಮನಶ್ಶಾಸ್ತ್ರಜ್ಞ ಡೆಫೆನ್‌ಬಾಕರ್ ಮತ್ತು ಸಂಗಡಿಗರು 1994ರಲ್ಲಿ ಒಂದು ಪ್ರಶ್ನಾವಳಿ ರೂಪಿಸಿದರು. ಹೀಯಾಳಿಸುವ ಸನ್ನೆ, ನಿಯಮ ಮುರಿಯುವುದು, ಪೊಲೀಸರ ಇರುವಿಕೆ, ನಿಧಾನ ಚಾಲನೆ, ಸೌಜನ್ಯವಿಲ್ಲದ ನಡವಳಿಕೆ, ಸಂಚಾರದ ಅಡ್ಡಿ ಎಂದು ಆರು ಗುಂಪು. ನನ್ನ ಮಟ್ಟಿಗೆ ಇವುಗಳ ಪೈಕಿ ಪ್ರತಿದಿನ ಎದುರಾಗುವುದು ಸೌಜನ್ಯವಿಲ್ಲದ ನಡವಳಿಕೆಯ ಗುಂಪಿಗೆ ಸೇರುವ ಒಂದೇ ಸಂಗತಿ: ನಾನು ಮುಂದೆ ಬಿಟ್ಟುಕೊಂಡ ಜಾಗಕ್ಕೆ ಕಾರುಗಳು ಬಂದು ತೂರಿಕೊಳ್ಳುವುದು. ಅಮೆರಿಕದ ಭಾರೀ ವಾಹನ ಪರವಾನಗಿಯ ಕೈಪಿಡಿ ಹೇಳುವ ಲೆಕ್ಕ ನನಗೆ ಹಿಡಿಸಿದೆ. ವಾಹನದ ಉದ್ದದ ಪ್ರತಿ ಮೂರು ಮೀಟರಿಗೆ ಒಂದು ಸೆಕೆಂಡಿನಂತೆ, ಗಂಟೆಗೆ 65 ಕಿಲೋಮೀಟರಿನ ಆಸುಪಾಸು ದಾಟಿದರೆ ಇನ್ನೊಂದು ಸೆಕೆಂಡ್ ಸೇರಿಸಿ ಮುಂದಿನ ವಾಹನದಿಂದ ಅಂತರ ಇಟ್ಟುಕೊಳ್ಳಬೇಕು. 18 ಮೀಟರ್ ಉದ್ದದ ಗಾಡಿಗೆ 80ರ ವೇಗದಲ್ಲಿ ಇದು 7 ಸೆಕೆಂಡ್, ಅಂದರೆ 150 ಮೀಟರಿಗಿಂತ ಹೆಚ್ಚು. ಅಷ್ಟು ಖಾಲಿ ಜಾಗ ಕಂಡ ಕಾರಿನವನಿಗೆ ಅದು ಆಹ್ವಾನದಂತೆ ಕಾಣುತ್ತದೆ. ಅವನು ಬಂದು ಸೇರಿಕೊಳ್ಳುತ್ತಾನೆ. ನನ್ನ ಬ್ರೇಕಿನ ದೂರವನ್ನು ತಾನು ಕಿತ್ತುಕೊಂಡೆ ಎಂಬ ಅರಿವು ಅವನಿಗಿಲ್ಲ, ಏಕೆಂದರೆ 40 ಟನ್ ನಿಲ್ಲಿಸುವ ಪ್ರಸಂಗ ಅವನ ಜೀವನದಲ್ಲಿ ಬಂದಿಲ್ಲ.

ಈ ಹೊತ್ತಿನಲ್ಲಿ ಕ್ಯಾಬಿನ್ ಒಳಗೆ ಏನಾಗುತ್ತದೆಂದು ಹತ್ತಿರದಿಂದ ನೋಡಿದವರಿಗೆ ಗೊತ್ತು. ಮೊದಲು ದವಡೆ ಬಿಗಿಯುತ್ತದೆ. ಸ್ಟೇರಿಂಗಿನ ಮೇಲಿನ ಬೆರಳುಗಳ ಗೆಣ್ಣು ಬೆಳ್ಳಗಾಗುತ್ತದೆ. ಮೈ ಸೀಟಿನ ಬೆನ್ನಿನಿಂದ ಎದ್ದು ತುಸು ಮುಂದಕ್ಕೆ ವಾಲುತ್ತದೆ. ಕಣ್ಣು ಎಲ್ಲ ಕನ್ನಡಿಗಳನ್ನೂ ಬಿಟ್ಟು ಆ ಒಂದೇ ಕಾರಿನ ಹಿಂದಿನ ದೀಪಗಳಿಗೆ ಅಂಟಿಕೊಳ್ಳುತ್ತದೆ. ನನಗೆ ಇದರಲ್ಲಿ ಅತ್ಯಂತ ಅಪಾಯಕಾರಿ ಎನ್ನಿಸುವುದು ಕೊನೆಯದು. ಎಡಗನ್ನಡಿಯಲ್ಲಿ ಬೈಕೊಂದು ಪಕ್ಕಕ್ಕೆ ಬಂದು, ಕನ್ನಡಿಗೆ ಕಾಣದ ಕುರುಡು ಜಾಗದೊಳಗೆ ಮರೆಯಾಗಲು ಎರಡು ಸೆಕೆಂಡ್ ಸಾಕು. ಹಾಗಾಗಿ ಸಿಟ್ಟು ಬಂತೇ ಇಲ್ಲವೇ ಎಂದು ಮನಸ್ಸನ್ನು ಕೇಳುವ ಬದಲು ನಾನು ಬೆನ್ನನ್ನು ಕೇಳುತ್ತೇನೆ. ಬೆನ್ನು ಸೀಟಿಗೆ ತಾಗಿಲ್ಲವಾದರೆ ಸಿಟ್ಟು ಬಂದಿದೆ. ಆಗ ಮಾಡುವುದು ಇಷ್ಟೇ: ಬಲಗಾಲನ್ನು ಆಕ್ಸಿಲರೇಟರ್‌ನಿಂದ ಎತ್ತುವುದು, ಬೆನ್ನನ್ನು ಹಿಂದಕ್ಕೆ ಒರಗಿಸುವುದು, ಎಡಗನ್ನಡಿ, ಬಲಗನ್ನಡಿ, ಮೀಟರುಗಳು, ಮತ್ತೆ ರಸ್ತೆ ಎಂದು ಕಣ್ಣನ್ನು ಒಂದು ಸುತ್ತು ಹಾಕಿಸುವುದು. ಕಾಲೆತ್ತಿದ ತಕ್ಷಣ ಅಂತರ ತಾನಾಗಿ ಬೆಳೆಯತೊಡಗುತ್ತದೆ, ಬ್ರೇಕನ್ನು ಮುಟ್ಟಬೇಕಾಗಿಯೂ ಬರುವುದಿಲ್ಲ. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಟ್ಟರೆ ಹೃದಯದ ಬಡಿತ ಇಳಿಯುತ್ತದೆ ಎಂದು ವೈದ್ಯರು ಹೇಳುವುದು ನಿಜ. ಕಣ್ಣು ಮುಚ್ಚದೆ, ಎಣಿಸದೆ ಮಾಡಬಹುದಾದದ್ದು ಅದೊಂದೇ ಆದ್ದರಿಂದ ನಮಗೆ ಹೇಳಿ ಮಾಡಿಸಿದ್ದು.

ಹೀಗೆ ಪ್ರತಿಸಲ ಬಿಟ್ಟುಕೊಡುತ್ತಾ ಹೋದರೆ ಹಿಂದಕ್ಕೇ ಹೋಗುತ್ತೇವಲ್ಲ ಎಂದು ಹೊಸ ಚಾಲಕರು ಕೇಳುತ್ತಾರೆ. ಒಂದು ಕಾರು ತೂರಿದಾಗ ಅಂತರವನ್ನು ಮತ್ತೆ ಸರಿಮಾಡಿಕೊಳ್ಳಲು ಹೋಗುವ ಸಮಯ ಮೂರು ಸೆಕೆಂಡ್ ಎಂದಿಟ್ಟುಕೊಳ್ಳಿ. ದಿನಕ್ಕೆ ನಲವತ್ತು ಕಾರು ತೂರಿದವು ಎನ್ನಿ. ಒಟ್ಟು ನಷ್ಟ ಎರಡು ನಿಮಿಷ. ಡೀಸೆಲ್ ಹಾಕಿಸುವಾಗ ಪಂಪಿನವನೊಂದಿಗೆ ಆಡುವ ಹರಟೆ ಇದಕ್ಕಿಂತ ಉದ್ದವಾಗಿರುತ್ತದೆ. ಹಾಗಾದರೆ ಆ ಕಾರಿನವನು ನಮ್ಮಿಂದ ಕಿತ್ತುಕೊಂಡದ್ದು ಸಮಯವಲ್ಲ, ಇನ್ನೇನೋ. ಅದನ್ನು ಮರ್ಯಾದೆ ಎಂದು ಕರೆಯಬಹುದು. ದಿನವಿಡೀ ಗೇಟಿನವರು, ಗುಮಾಸ್ತರು, ಕಚೇರಿಯವರು ನಮ್ಮನ್ನು ಲೆಕ್ಕಕ್ಕಿಲ್ಲದವರಂತೆ ನಡೆಸಿಕೊಂಡ ಮೇಲೆ, ರಸ್ತೆಯಲ್ಲಿ ಇವನೂ ಹಾಗೆಯೇ ನಡೆದುಕೊಂಡ ಎಂಬುದೇ ನೋವು. ಈ ನೋವನ್ನು ನಾನು ಸಣ್ಣದೆಂದು ಹೇಳುವುದಿಲ್ಲ. ಆದರೆ ಅದರ ಬಾಕಿಯನ್ನು ಆ ಕಾರಿನವನು ತೀರಿಸಲಾರ.

ಇನ್ನೊಬ್ಬರ ತಪ್ಪನ್ನು ಅವರ ಗುಣಕ್ಕೆ, ನಮ್ಮ ತಪ್ಪನ್ನು ಪರಿಸ್ಥಿತಿಗೆ ಕಟ್ಟುವ ಚಾಳಿ ಮನುಷ್ಯರೆಲ್ಲರಲ್ಲೂ ಇದೆ. ಮನಶ್ಶಾಸ್ತ್ರಜ್ಞ ಲೀ ರಾಸ್ ಪರರ ನಡತೆಯನ್ನು ಅವರ ಗುಣಕ್ಕೇ ಕಟ್ಟುವ ಈ ಒಲವನ್ನು 1977ರಲ್ಲಿ ಮೂಲಭೂತ ದೋಷವೆಂದೇ ಕರೆದರು. ಲಾರಿಯವರ ಮಟ್ಟಿಗೆ ಇದನ್ನು ಅರ್ಥಮಾಡಿಕೊಳ್ಳಲು ಒಳ್ಳೆಯ ಉದಾಹರಣೆ ಎರಡು ಲಾರಿಗಳ ಓವರ್‌ಟೇಕ್. ವೇಗ ಮಿತಿ ಯಂತ್ರ ಅಳವಡಿಸಿದ ಎರಡು ಲಾರಿಗಳಲ್ಲಿ ಒಂದು 86ರಲ್ಲಿ, ಇನ್ನೊಂದು 88ರಲ್ಲಿ ಹೋಗುತ್ತಿವೆ. ವೇಗದ ವ್ಯತ್ಯಾಸ 2 ಕಿಲೋಮೀಟರ್. ಎರಡೂ ಗಾಡಿಗಳ ಉದ್ದ, ಹಿಂದೆ ಮುಂದೆ ಬೇಕಾದ ಅಂತರ ಎಲ್ಲ ಸೇರಿ 130 ಮೀಟರಿನಷ್ಟನ್ನು ಆ ವ್ಯತ್ಯಾಸದಲ್ಲೇ ಕ್ರಮಿಸಬೇಕು. ಅದಕ್ಕೆ ಸುಮಾರು ನಾಲ್ಕು ನಿಮಿಷ, ರಸ್ತೆಯಲ್ಲಿ ಆರು ಕಿಲೋಮೀಟರಿನ ಹತ್ತಿರ ಬೇಕು. ಅಷ್ಟು ಹೊತ್ತೂ ಹಿಂದೆ ಕಾರುಗಳ ಸಾಲು ಬೆಳೆಯುತ್ತದೆ, ಅವುಗಳಲ್ಲಿ ಕುಳಿತವರು ನಮ್ಮ ವಂಶವನ್ನೆಲ್ಲ ಜಾಲಾಡುತ್ತಾರೆ. ಓವರ್‌ಟೇಕ್ ಮಾಡುತ್ತಿರುವವನಿಗೆ ಅದೊಂದು ಅನಿವಾರ್ಯ; ಕಾರಿನವರಿಗೆ ಅದು ಸೊಕ್ಕು. ಇದಕ್ಕೆ ಪರಿಹಾರ ಎಡಗಡೆ ಹೋಗುತ್ತಿರುವ, ಹಿಂದೆ ಬೀಳಲಿರುವ ಲಾರಿಯವನ ಕಾಲಿನಲ್ಲಿದೆ. ಅವನು ಕೆಲವು ಸೆಕೆಂಡ್ ಆಕ್ಸಿಲರೇಟರ್ ಬಿಟ್ಟು ವೇಗವನ್ನು ನಾಲ್ಕೈದು ಕಿಲೋಮೀಟರ್ ಇಳಿಸಿಕೊಂಡರೆ ಎಲ್ಲವೂ ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಬಹಳಷ್ಟು ಮಂದಿ ಬಿಡುವುದಿಲ್ಲ. ನಮ್ಮ ಕಸುಬಿನ ಮಾನ ಕಳೆಯುವ ಹಟ ಯಾವುದಾದರೂ ಇದ್ದರೆ ಅದು ಇದೇ.

ಸಿಟ್ಟನ್ನು ಒಳಗೆ ಇಟ್ಟುಕೊಳ್ಳಬಾರದು, ಹೊರಗೆ ಹಾಕಿಬಿಡಬೇಕು ಎಂಬ ನಂಬಿಕೆ ಚಾಲಕರಲ್ಲಿ ಬಲವಾಗಿದೆ. ಕಿಟಕಿ ಮುಚ್ಚಿಕೊಂಡು ಬಾಯಿಗೆ ಬಂದಂತೆ ಬೈದು ಹಗುರಾದೆ ಎನ್ನುವವರಿದ್ದಾರೆ. 2002ರಲ್ಲಿ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ ಪ್ರಕಟಿಸಿದ ಪ್ರಯೋಗದಲ್ಲಿ, ಕೆರಳಿಸಲ್ಪಟ್ಟ ವಿದ್ಯಾರ್ಥಿಗಳಲ್ಲಿ ಕೆಲವರು ತಮ್ಮನ್ನು ಕೆರಳಿಸಿದವನನ್ನು ನೆನೆಯುತ್ತಾ ಗುದ್ದುವ ಚೀಲಕ್ಕೆ ಗುದ್ದಿದರು, ಕೆಲವರು ಎರಡು ನಿಮಿಷ ಸುಮ್ಮನೆ ಕುಳಿತರು. ಹೆಚ್ಚು ಸಿಟ್ಟು ಉಳಿದದ್ದು ಗುದ್ದಿದವರಲ್ಲಿ. ನನಗೆ ಇದು ಆಶ್ಚರ್ಯ ತರಲಿಲ್ಲ, ಏಕೆಂದರೆ ಚಾಲನೆಯ ನಡುವೆ ಹ್ಯಾಂಡ್ಸ್‌ಫ್ರೀಯಲ್ಲಿ ಗೆಳೆಯನಿಗೆ ಕರೆ ಮಾಡಿ ಬೆಳಗಿನ ಜಗಳವನ್ನು ಮೊದಲಿನಿಂದ ಹೇಳುವವರ ದನಿ ಹೇಳುತ್ತಾ ಹೋದಂತೆ ಏರುವುದನ್ನು ನಾನು ಎಷ್ಟೋ ಸಲ ಇನ್ನೊಂದು ತುದಿಯಿಂದ ಕೇಳಿದ್ದೇನೆ. ಕೇಳುವವನೂ ಚಾಲಕನೇ ಆದ್ದರಿಂದ ಅವನೂ ತನ್ನದೊಂದು ಕಥೆ ತೆಗೆಯುತ್ತಾನೆ. ಕರೆ ಮುಗಿಯುವಾಗ ಎರಡು ಗಾಡಿಗಳಲ್ಲಿ ಇಬ್ಬರು ಕೆಂಡವಾಗಿರುತ್ತಾರೆ. ಅಂಥ ಕರೆ ಬಂದಾಗ ‘ಗಾಡಿ ನಿಲ್ಲಿಸಿದ ಮೇಲೆ ಮಾತಾಡೋಣ ಮಾರಾಯ’ ಎನ್ನುವುದು ನನ್ನ ರೂಢಿ. ನಿಲ್ಲಿಸಿದ ಮೇಲೆ ಅವನು ಕರೆಯುವುದು ಕಡಿಮೆ.

ನಿಲ್ಲಿಸುವುದು ಎಂದೆ. ಸಿಟ್ಟು ಕಾಲೆತ್ತಿದರೂ ಇಳಿಯದ ದಿನಗಳಲ್ಲಿ ಗಾಡಿ ನಿಲ್ಲಿಸಲು ಯೋಗ್ಯ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ, ಇಳಿದು, ಗಾಡಿಗೆ ಒಂದು ಸುತ್ತು ಬರುತ್ತೇನೆ. ಟೈರುಗಳನ್ನು ತಟ್ಟಿ ನೋಡುವುದು, ಹಗ್ಗ ಮತ್ತು ಪಟ್ಟಿಗಳ ಬಿಗಿ ನೋಡುವುದು, ಗಾಳಿಯ ಪೈಪುಗಳಿಗೆ ಕಿವಿಗೊಡುವುದು, ಹಿಂದಿನ ದೀಪದ ಮೇಲಿನ ಧೂಳು ಒರೆಸುವುದು. ಹೇಗೂ ಮಾಡಬೇಕಾದ ಕೆಲಸ ಅದು. ಧ್ಯಾನಕ್ಕಿಂತ ನನಗೆ ಇದು ಒಗ್ಗುವುದು ಕೈಗೆ ಕೆಲಸ ಸಿಗುವುದರಿಂದ. ಜೊತೆಗೆ ಮೂತ್ರ ಕಟ್ಟಿಕೊಂಡು ಓಡಿಸುತ್ತಿದ್ದೆ ಎಂಬಂಥ ಸಣ್ಣ ಸತ್ಯಗಳು ಇಳಿದಾಗಲೇ ಹೊಳೆಯುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಪಾಯವನ್ನೂ ಹೇಳಬೇಕು. ಸಂಸ್ಥೆಗಳು ಈಗ ಚಾಲಕರಿಗೆ ಕೋಪ ನಿರ್ವಹಣೆಯ ತರಬೇತಿ ಕೊಡಿಸುವುದಿದೆ. ತರಬೇತುದಾರರು ಒಳ್ಳೆಯವರು, ಹೇಳುವುದೂ ಸುಳ್ಳಲ್ಲ. ಆದರೆ ತರಬೇತಿ ಮುಗಿದ ಮರುದಿನ ಅದೇ ಗೋದಾಮಿನ ಮುಂದೆ ಅದೇ ಕಾಯುವಿಕೆ ಇದ್ದರೆ, ಅನ್ಯಾಯವನ್ನು ಸಹಿಸುವ ಕಲೆಯನ್ನು ಕಲಿಸಿದಂತಾಯಿತೇ ಹೊರತು ಸಿಟ್ಟಿನ ಕಾರಣವನ್ನು ತೆಗೆದಂತಾಗಲಿಲ್ಲ. ಐರೋಪ್ಯ ಒಕ್ಕೂಟದ 2006ರ 561ನೇ ನಿಯಮಾವಳಿ ಈ ವಿಷಯದಲ್ಲಿ ಜಾಣತನ ತೋರಿದೆ. ರಸ್ತೆ ಸುರಕ್ಷತೆಗೆ ಅಪಾಯ ತರುವಂತಿದ್ದರೆ, ಕ್ರಮಿಸಿದ ದೂರ ಅಥವಾ ಸಾಗಿಸಿದ ಸರಕಿನ ಪ್ರಮಾಣಕ್ಕೆ ತಕ್ಕಂತೆ ಚಾಲಕನಿಗೆ ಸಂಬಳವಾಗಲಿ ಬೋನಸ್ ಆಗಲಿ ಕೊಡಕೂಡದು ಎಂದು ಅದರ 10ನೇ ವಿಧಿ ಸಾರಿಗೆ ಸಂಸ್ಥೆಗಳಿಗೆ ಹೇಳುತ್ತದೆ. ಚಾಲಕನ ಅವಸರ ಅವನ ಸ್ವಭಾವದಿಂದ ಮಾತ್ರ ಹುಟ್ಟುವುದಿಲ್ಲ, ಸಂಬಳದ ಚೀಟಿಯಿಂದಲೂ ಹುಟ್ಟುತ್ತದೆ ಎಂಬುದನ್ನು ಕಾನೂನೇ ಒಪ್ಪಿಕೊಂಡಿರುವ ಅಪರೂಪದ ಜಾಗ ಅದು.

ಹಾಗಾಗಿ ನ್ಯಾಯವಾದ ಸಿಟ್ಟನ್ನು ನುಂಗಿಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ಅದನ್ನು ರಸ್ತೆಯಿಂದ ತೆಗೆದು ಕಾಗದದ ಮೇಲೆ ಇಡಿ ಎನ್ನುತ್ತೇನೆ. ಪ್ರತಿ ಗೋದಾಮಿನಲ್ಲಿ ಬಂದ ಹೊತ್ತು, ಡಾಕ್‌ಗೆ ಕರೆದ ಹೊತ್ತು, ಹೊರಟ ಹೊತ್ತು, ಈ ಮೂರನ್ನು ಬರೆದಿಡಿ. ಸಾಧ್ಯವಾದರೆ ಗೇಟಿನವರ ಸಹಿ ಪಡೆಯಿರಿ. ಕಚೇರಿಗೆ ಬರೆಯುವಾಗ ‘ಎಷ್ಟು ಹೊತ್ತು ಕಾಯಿಸುತ್ತಾರೆ ಇವರು’ ಎಂದು ಬರೆದರೆ ಅದು ಗೊಣಗಾಟವಾಗಿ ಕಸದ ಬುಟ್ಟಿ ಸೇರುತ್ತದೆ, ‘9.10ಕ್ಕೆ ಬಂದೆ, 12.40ಕ್ಕೆ ಕರೆದರು’ ಎಂದು ಬರೆದರೆ ಕಾಯಿಸಿದ್ದಕ್ಕೆ ಹಣ ಕೇಳಲು ಅವರಿಗೂ ಆಧಾರವಾಗುತ್ತದೆ. ಇಂಥ ಟಿಪ್ಪಣಿಗಳು ಕೂಡಿದಂತೆ ಯಾವ ಗೋದಾಮು ಯಾವ ವಾರ, ಯಾವ ಹೊತ್ತಿನಲ್ಲಿ ಕಾಯಿಸುತ್ತದೆ ಎಂಬುದು ಕಾಣತೊಡಗುತ್ತದೆ. ಅಲ್ಲಿಗೆ ಹೋಗುವ ಮೊದಲೇ ಊಟ ಮುಗಿಸಿ, ಶೌಚ ಮುಗಿಸಿ, ಮುಂದಿನ ಗಿರಾಕಿಗೆ ತಡವಾಗಬಹುದೆಂದು ಹೇಳಿಟ್ಟು ಹೋಗಬಹುದು. ಅನ್ಯಾಯ ಅಷ್ಟೇ ಇರುತ್ತದೆ, ಅನಿರೀಕ್ಷಿತವಾಗಿರುವುದಿಲ್ಲ. ಗುಮಾಸ್ತನ ಜೊತೆ ಮಾತನಾಡುವಾಗಲೂ ‘ಸರ್, ಅಂದಾಜು ಎಷ್ಟು ಗಂಟೆಗೆ ಆಗಬಹುದು, ಅಷ್ಟು ಹೊತ್ತು ಮಲಗಿರುತ್ತೇನೆ’ ಎಂದು ಕೇಳಿದರೆ, ಎಷ್ಟು ಹೊತ್ತು ಕಾಯಿಸುತ್ತೀರಿ ಎಂದು ಕೇಳಿದ್ದಕ್ಕಿಂತ ನಿಜವಾದ ಉತ್ತರ ಸಿಗುವ ಸಂಭವ ಹೆಚ್ಚು. ಅವನೂ ಕಿಟಕಿಯ ಆಚೆ ಬೆಳಗಿನಿಂದ ಬೈಗುಳ ತಿಂದಿರುತ್ತಾನೆ.

ಕೊನೆಯದಾಗಿ, ನಮ್ಮ ಸಿಟ್ಟಿನ ಮಾತು ಬಿಟ್ಟು ಎದುರಿನವನ ಸಿಟ್ಟಿನ ವಿಷಯ. ಯಾರೋ ಬೆನ್ನಟ್ಟಿ ಬಂದು, ಮುಂದೆ ಅಡ್ಡ ನಿಲ್ಲಿಸಿ, ಕಾರಿನಿಂದ ಇಳಿದು ನಮ್ಮ ಬಾಗಿಲಿನತ್ತ ಬರುವ ಸಂದರ್ಭ ಅಪರೂಪವಾದರೂ ಇಲ್ಲದಿಲ್ಲ. ಆಗ ಕೆಳಗಿಳಿಯಕೂಡದು. ಕ್ಯಾಬಿನ್ ಎತ್ತರದಲ್ಲಿದೆ, ಬಾಗಿಲಿಗೆ ಚಿಲಕವಿದೆ; ಇಳಿದವನು ಆ ಎರಡು ಅನುಕೂಲಗಳನ್ನೂ ಕೈಯಾರೆ ಬಿಟ್ಟುಕೊಟ್ಟಂತೆ. ಬಾಗಿಲು ಹಾಕಿ, ಕಿಟಕಿ ಏರಿಸಿ, ಎಂಜಿನ್ ಚಾಲೂ ಇಟ್ಟು, ಅವನ ಕಣ್ಣಿಗೆ ಕಣ್ಣು ಕೊಡದೆ, ಕೈ ಸನ್ನೆ ಮಾಡದೆ ಪೊಲೀಸರಿಗೆ ಕರೆ ಮಾಡಬೇಕು. ಅವನ ಕಾರನ್ನು ತಳ್ಳಿಕೊಂಡು ಹೋಗುವ ಯೋಚನೆ ಬಂದರೆ, ನಡೆದದ್ದೆಲ್ಲ ಅದರೊಂದಿಗೆ ನಮ್ಮ ತಪ್ಪಾಗಿ ಬದಲಾಗುತ್ತದೆ ಎಂಬುದು ತಲೆಯಲ್ಲಿರಲಿ. ಅಡ್ಡ ನಿಲ್ಲಿಸದೆ ಬರೀ ಹಿಂಬಾಲಿಸುತ್ತಿದ್ದರೆ ಬೆಳಕು ಮತ್ತು ಜನರಿರುವ ಜಾಗದವರೆಗೆ ಅದೇ ವೇಗದಲ್ಲಿ ಓಡಿಸಿಕೊಂಡು ಹೋಗಿ ಅಲ್ಲಿ ನಿಲ್ಲಿಸಬೇಕು. ಅವನು ಹೋದ ಮೇಲೆ ಸ್ಥಳ, ಸಮಯ, ಕಾರಿನ ನಂಬರ್ ಬರೆದುಕೊಂಡು, ಡ್ಯಾಶ್‌ಕ್ಯಾಮ್‌ನಲ್ಲಿ ಹೊಸ ದೃಶ್ಯ ಹಳೆಯದನ್ನು ಅಳಿಸುವ ಮೊದಲು ಆ ತುಣುಕನ್ನು ಉಳಿಸಿ ಕಚೇರಿಗೆ ಕಳುಹಿಸಿ. ಅಲ್ಲಿಂದ ಮುಂದಿನದು ಪೊಲೀಸರ ಮತ್ತು ವಿಮೆಯವರ ಕೆಲಸ.